ಕೆಲಸದ ಜಾಗದ ಟ್ರೈನಿಂಗಲ್ಲಿ ಪ್ರಾಜೆಕ್ಟ್ ಮಾಡ್ತಾ ಕಲಿಯೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾಜೆಕ್ಟ್ ಮೂಲಕ ಕಲಿಯೋದು ಅಂದ್ರೆ ಸರಿಯಾಗಿ ಏನು?

ಮಾಮೂಲಿ ಟ್ರೈನಿಂಗಲ್ಲಿ ಮೊದಲು ಪಾಠ, ಆಮೇಲೆ ಟೈಮ್ ಉಳಿದ್ರೆ ಒಂದು ಎಕ್ಸರ್‌ಸೈಜ್, ಕೊನೆಗೆ ಫೀಡ್‌ಬ್ಯಾಕ್ ಫಾರ್ಮ್, ಅಲ್ಲಿಗೆ ಮುಗೀತು. ಇಲ್ಲಿ ಕೆಲಸ ಮೊದಲು ಬರತ್ತೆ. ಟೀಮಿಗೆ ಒಂದು ನಿಜವಾದ ಸಮಸ್ಯೆ ಕೊಡ್ತೀವಿ, ಅದನ್ನ ಬಿಡಿಸೋಕೆ ಏನೇನು ಗೊತ್ತಿರ್ಬೇಕೋ ಅದನ್ನ ದಾರೀಲಿ ಅಗತ್ಯ ಬಿದ್ದಾಗ ಕಲೀತಾರೆ, ಕಲಿತಿದ್ದನ್ನ ಅವತ್ತೇ ಬಳಸ್ತಾರೆ, ಕೊನೆಗೆ ಇನ್ನೊಬ್ರು ಕೈಗೆ ತಗೊಂಡು ಉಪಯೋಗಿಸೋ ಅಂಥ ಏನೋ ಒಂದು ಹೊರಗೆ ಬರತ್ತೆ. ಕೋರ್ಸ್ ಮುಗಿದ್ಮೇಲೆ ಕಾಟಾಚಾರಕ್ಕೆ ಒಂದು ಪ್ರಾಜೆಕ್ಟ್ ಸಬ್ಮಿಟ್ ಮಾಡ್ಸೋದನ್ನೂ ಎಷ್ಟೋ ಕಡೆ ಇದೇ ಹೆಸರಲ್ಲಿ ಕರೀತಾರೆ, ಆದ್ರೆ ಅದು ಪರೀಕ್ಷೆ ಅಷ್ಟೇ. ಇಲ್ಲಿ ಪ್ರಾಜೆಕ್ಟೇ ಪಾಠ.

ಇದೇನು ಹೊಸ ಫ್ಯಾಷನ್ನಾ?

ಅಲ್ವೇ ಅಲ್ಲ, ನೂರು ವರ್ಷಕ್ಕಿಂತ ಹಳೇದು. ಅನುಭವದಿಂದಲೇ ಕಲಿಕೆ ಅಂತ ಶಿಕ್ಷಣ ಚಿಂತಕ ಜಾನ್ ಡ್ಯೂಯಿ ಹೇಳ್ತಾ ಬಂದಿದ್ದನ್ನ ಅಮೆರಿಕದ ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲಿ 'ಪ್ರಾಜೆಕ್ಟ್ ಮೆಥಡ್' ಅಂತ ಒಂದು ಪದ್ಧತಿಯಾಗಿ ಬರೆದ್ರು, ಅದು ಶಾಲೆ ಮಕ್ಕಳಿಗೆ. ದೊಡ್ಡವರ ಕೆಲಸದ ಜಾಗಕ್ಕೆ ಹತ್ತಿರ ಬಂದಿದ್ದು ಬ್ರಿಟನ್‌ನ ರೆಗ್ ರೆವನ್ಸ್, ಅವ್ರು 1940ರ ದಶಕದಲ್ಲಿ ಕಲ್ಲಿದ್ದಲು ಗಣಿಗಳ ಮ್ಯಾನೇಜರ್‌ಗಳನ್ನ ಚಿಕ್ಕ ಚಿಕ್ಕ ಗುಂಪಾಗಿ ಕೂರಿಸಿ, ಹೊರಗಿನ ಎಕ್ಸ್‌ಪರ್ಟ್ ಭಾಷಣದ ಬದ್ಲು ಅವರವರ ಗಣಿಯ ಸಮಸ್ಯೆಗಳನ್ನೇ ಒಬ್ರಿಗೊಬ್ರು ಕೇಳ್ಕೊಂಡು ಬಿಡಿಸೋ ಹಾಗೆ ಮಾಡಿದ್ರು, ಅದಕ್ಕೆ ಆಮೇಲೆ ಆಕ್ಷನ್ ಲರ್ನಿಂಗ್ ಅಂತ ಹೆಸರು ಬಂತು. ಕೆನಡಾದ ಮ್ಯಾಕ್‌ಮಾಸ್ಟರ್ ಯೂನಿವರ್ಸಿಟಿ 1969ರಲ್ಲಿ ಮೆಡಿಕಲ್ ಓದನ್ನೇ ರೋಗಿಗಳ ಸಮಸ್ಯೆ ಸುತ್ತ ಕಟ್ಟಿದ್ದೂ ಇದರ ಹತ್ತಿರದ ನೆಂಟನೇ.

ಕೇಸ್ ಸ್ಟಡಿ, ರೋಲ್‌ಪ್ಲೇ ಮಾಡ್ಸಿದ್ರೆ ಸಾಲಲ್ವಾ?

ಅವಕ್ಕೂ ಅವರದೇ ಜಾಗ ಇದೆ. ಆದ್ರೆ ಕೇಸ್ ಸ್ಟಡೀಲಿ ಬೇಕಾದ ಮಾಹಿತಿನ ಬೇರೆ ಯಾರೋ ಮೊದ್ಲೇ ಆರಿಸಿ ಜೋಡ್ಸಿ ಕೊಟ್ಟಿರ್ತಾರೆ. ನಿಜ ಕೆಲಸದಲ್ಲಿ ಕಷ್ಟ ಇರೋದೇ ಅಲ್ಲಿ: ಯಾವ ಮಾಹಿತಿ ಬೇಕು, ಅದು ಯಾರ ಹತ್ರ ಇದೆ, ಅವ್ರು ಕೊಡ್ತಾರಾ, ಕೊಟ್ಟಿದ್ದು ಸರಿ ಇದ್ಯಾ.

ಯಾವ ಥರದ ಪ್ರಾಜೆಕ್ಟ್ ಆರಿಸ್ಬೇಕು?

ಈ ಪೇಜಲ್ಲಿ ಒಂದೇ ಉತ್ತರ ಓದೋಕೆ ಟೈಮ್ ಇದ್ರೆ ಇದನ್ನ ಓದಿ. ಪ್ರಾಜೆಕ್ಟ್ ಮುಗಿದಾಗ ಬರೋ ಔಟ್‌ಪುಟ್‌ಗೆ ಕಾಯ್ತಾ ಇರೋ ಒಬ್ಬ ಮನುಷ್ಯ ಇರ್ಬೇಕು, ಅವರ ಹೆಸರು ಪ್ರಾಜೆಕ್ಟ್ ಶೀಟಲ್ಲಿ ಬರೆದಿರ್ಬೇಕು. 'ಮ್ಯಾನೇಜ್‌ಮೆಂಟ್', 'ಆರ್ಗನೈಸೇಷನ್' ಅಂತ ಬರೆದ್ರೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ, ಯಾರೂ ಕಾಯ್ತಿಲ್ಲ ಅಂತಲೇ ಅರ್ಥ. ಕಾಯೋರು ಇಲ್ಲ ಅಂತ ಟೀಮಿಗೆ ಬೇಗ ಗೊತ್ತಾಗ್ಬಿಡತ್ತೆ, ಅವತ್ತಿಂದ ಅವರ ಶ್ರಮ ಎಲ್ಲಾ ಸ್ಲೈಡ್ ಚೆನ್ನಾಗಿ ಕಾಣೋ ಕಡೆಗೆ ಹೋಗತ್ತೆ.

ಒಂದು ಉದಾಹರಣೆ ತಗೊಳ್ಳಿ. ಕಸ್ಟಮರ್ ಸಪೋರ್ಟಿಗೆ ಹೊಸಬರು ಸೇರಿದಾರೆ. 'ಕಸ್ಟಮರ್ ಸ್ಯಾಟಿಸ್‌ಫ್ಯಾಕ್ಷನ್ ಸುಧಾರಿಸೋದು ಹೇಗೆ' ಅನ್ನೋದು ಕೆಟ್ಟ ಪ್ರಾಜೆಕ್ಟ್, ಅದಕ್ಕೆ ತಲೆಬುಡ ಇಲ್ಲ. ಹೀಗೆ ಕೊಟ್ಟು ನೋಡಿ: 'ಕಳೆದ ತಿಂಗಳು ರೀಫಂಡ್ ಬಗ್ಗೆ ಒಂದ್ಸಲ ಉತ್ತರ ಸಿಕ್ಕ ಮೇಲೂ ಎರಡನೇ ಸಲ ಬರೆದವ್ರು ಯಾಕೆ ಬರೆದ್ರು ಅಂತ ಹುಡುಕಿ, ನಾವು ಕಳಿಸೋ ಮೊದಲನೇ ಉತ್ತರ ತಿದ್ದಿ ಕೊಡಿ, ಶಿಫ್ಟ್ ಲೀಡ್ ಅದನ್ನ ಮುಂದಿನ ತಿಂಗಳಿಂದ ಬಳಸ್ತಾರೆ.' ಈಗ ಆ ಹುಡುಗ ಹುಡುಗೀರು ಟಿಕೆಟ್, ಅಂದ್ರೆ ಕಸ್ಟಮರ್ ದೂರಿನ ದಾಖಲೆ, ತೆಗೆದು ಸಾಲು ಸಾಲಾಗಿ ಓದ್ತಾರೆ, ರೀಫಂಡ್ ಪಾಲಿಸಿನ ಪರೀಕ್ಷೆಗಲ್ಲ, ಉತ್ತರ ಹುಡುಕೋಕೆ ಅಂತ ಓದ್ತಾರೆ, ಸ್ಪ್ರೆಡ್‌ಶೀಟಲ್ಲಿ ದೂರುಗಳನ್ನ ವಿಂಗಡಿಸ್ತಾರೆ. ಅಲ್ಲಿ ಒಬ್ಬಳ ಕಣ್ಣಿಗೆ ಬೀಳತ್ತೆ, ನಮ್ಮ ಉತ್ತರದಲ್ಲಿ '5ರಿಂದ 7 ದಿನ' ಅಂತ ಇದೆ, ಆದ್ರೆ ಯಾವ ದಿನದಿಂದ ಎಣಿಸ್ಬೇಕು, ರಜಾದಿನ ಸೇರತ್ತೋ ಇಲ್ವೋ ಅಂತ ಎಲ್ಲೂ ಇಲ್ಲ, ಕಸ್ಟಮರ್ ವಸ್ತು ವಾಪಸ್ ಕೊಟ್ಟ ದಿನದಿಂದ ಎಣಿಸ್ತಿದಾರೆ, ನಾವು ಅದು ಗೋಡೌನಲ್ಲಿ ಚೆಕ್ ಆದ ದಿನದಿಂದ ಎಣಿಸ್ತಿದೀವಿ. ಇದನ್ನ ಖಚಿತ ಮಾಡ್ಕೊಳ್ಳೋಕೆ ಅಕೌಂಟ್ಸ್‌ಗೆ ಫೋನ್ ಮಾಡ್ಬೇಕು, ಅಕೌಂಟ್ಸ್‌ನವ್ರು ಗೋಡೌನ್ ಕಡೆ ಕೈ ತೋರಿಸ್ತಾರೆ, ಅಲ್ಲಿಗೂ ಹೋಗ್ಬೇಕು. ಎರಡು ವಾಕ್ಯ ತಿದ್ದೋಕೆ ಮೂರು ಡಿಪಾರ್ಟ್‌ಮೆಂಟ್ ಸುತ್ತಿ ಬಂದವಳಿಗೆ ಕಂಪನಿ ಹೇಗೆ ನಡೆಯತ್ತೆ ಅಂತ ಯಾವ ಇಂಡಕ್ಷನ್ ಸ್ಲೈಡೂ ಹೇಳ್ಕೊಡದಷ್ಟು ಗೊತ್ತಾಗಿರತ್ತೆ.

ಇನ್ನೆರಡು ವಿಷಯ ನೋಡ್ಕೊಳ್ಳಿ. ಪ್ರಾಜೆಕ್ಟ್ ಮುಖ್ಯ ಆಗಿರ್ಬೇಕು ಆದ್ರೆ ಅರ್ಜೆಂಟ್ ಆಗಿರ್ಬಾರ್ದು, ನಾಳೆ ಬೆಳಿಗ್ಗೆಗೆ ಬೇಕು ಅನ್ನೋ ಕೆಲಸದಲ್ಲಿ ಗೊತ್ತಿರೋರೇ ಎಲ್ಲಾ ಮುಗಿಸ್ಬಿಡ್ತಾರೆ, ಕಲಿಯೋರು ಪಕ್ಕದಲ್ಲಿ ನಿಂತು ನೋಡ್ತಾರೆ. ಆಮೇಲೆ, ನೀವು ಕಲಿಸ್ಬೇಕು ಅಂದ್ಕೊಂಡಿರೋ ಸ್ಕಿಲ್ ಇಲ್ದೆ ಆ ಪ್ರಾಜೆಕ್ಟ್ ಮುಗಿಸೋಕೆ ಆಗ್ಬಾರ್ದು. ಡೇಟಾ ಓದೋದು ಕಲಿಸ್ಬೇಕು ಅಂತಿದ್ದು, ಡೇಟಾ ಮುಟ್ಟದೇನೇ ಯಾರನ್ನೋ ಕೇಳಿ ಮುಗಿಸ್ಬೋದು ಅಂದ್ರೆ ಅವ್ರು ಹಾಗೇ ಮುಗಿಸ್ತಾರೆ, ಅದು ಅವರ ತಪ್ಪಲ್ಲ.

ಏನೂ ಗೊತ್ತಿಲ್ದೇ ಇರೋ ಹೊಸಬರನ್ನ ಸೀದಾ ಪ್ರಾಜೆಕ್ಟಿಗೆ ಇಳಿಸ್ಬೋದಾ?

ಪಾಠ ಇಲ್ಲ, ಮಾರ್ಗದರ್ಶನ ಇಲ್ಲ, ನೀವೇ ಕಂಡುಹಿಡ್ಕೊಳ್ಳಿ ಅಂತ ಇಳಿಸೋದಾದ್ರೆ ಬೇಡ. 2006ರಲ್ಲಿ ಕಿರ್ಶ್‌ನರ್, ಸ್ವೆಲ್ಲರ್, ಕ್ಲಾರ್ಕ್ ಅನ್ನೋ ಮೂವರು ಸಂಶೋಧಕರು ಬರೆದ ಪೇಪರ್ ಈ ವಿಷಯದಲ್ಲಿ ತುಂಬಾ ಚರ್ಚೆ ಆಯ್ತು, ಅವರ ವಾದ ಏನಂದ್ರೆ ಹೊಸಬರ ತಲೆ ಒಂದೇ ಹೊತ್ತಲ್ಲಿ ಹಿಡಿದಿಟ್ಕೊಳ್ಳೋ ವಿಷಯ ತುಂಬಾ ಕಡಿಮೆ, ಆ ಜಾಗ ಎಲ್ಲಾ ದಾರಿ ಹುಡುಕೋದ್ರಲ್ಲೇ ತುಂಬಿಹೋದ್ರೆ ಕಲಿಯೋಕೆ ಏನೂ ಉಳಿಯಲ್ಲ ಅಂತ. ಪ್ರಾಜೆಕ್ಟ್ ಪರ ಇರೋರು ಇದಕ್ಕೆ ಉತ್ತರಾನೂ ಕೊಟ್ಟಿದಾರೆ, ಚೆನ್ನಾಗಿ ಕಟ್ಟಿದ ಪ್ರಾಜೆಕ್ಟಲ್ಲಿ ಮಾರ್ಗದರ್ಶನ ಕಡಿಮೆ ಇರೋದೇ ಇಲ್ಲ ಅಂತ. ನನಗೆ ಎರಡೂ ಕಡೆ ಸರಿ ಅನ್ಸತ್ತೆ, ಯಾಕಂದ್ರೆ ಇಬ್ರೂ ಹೇಳ್ತಿರೋದು ಹೊಸಬರನ್ನ ಕೈಬಿಡ್ಬೇಡಿ ಅಂತ.

ಕೆಲಸಕ್ಕೆ ಬರೋ ದಾರಿ ಇದು. ಮೊದಲು ಅದೇ ಥರದ, ಪೂರ್ತಿ ಮುಗಿದ ಒಂದು ಕೆಲಸ ತೋರ್ಸಿ, ಬರೀ ರಿಸಲ್ಟ್ ಅಲ್ಲ, ಪ್ರತಿ ಹೆಜ್ಜೆ, ಯಾಕೆ ಹಾಗೆ ಮಾಡಿದ್ರು ಅನ್ನೋದ್ರ ಸಮೇತ. ಆಮೇಲೆ ಅರ್ಧ ಮುಗಿದ ಕೆಲಸ ಕೊಟ್ಟು ಉಳಿದರ್ಧ ಮಾಡ್ಸಿ. ಅದಾದ್ಮೇಲೆ ಸ್ವಂತ ಪ್ರಾಜೆಕ್ಟ್. ಇದನ್ನೇ ಅನುಭವಸ್ಥರಿಗೆ ಮಾಡ್ಸಿದ್ರೆ ಉಲ್ಟಾ ಹೊಡೆಯತ್ತೆ, ಗೊತ್ತಿರೋರಿಗೆ ಹೆಜ್ಜೆ ಹೆಜ್ಜೆಗೂ ಹೇಳ್ತಾ ಹೋದ್ರೆ ಅವರ ಕಲಿಕೆ ನಿಧಾನ ಆಗತ್ತೆ ಅಂತ ಸಂಶೋಧನೆಗಳೇ ತೋರ್ಸಿವೆ, ಜೊತೆಗೆ ಅವರಿಗೆ ರೇಗತ್ತೆ. ಹಾಗಾಗಿ ಹೊಸಬ್ರು ಹಳಬ್ರು ಒಂದೇ ಟೀಮಲ್ಲಿದ್ರೆ ಎಲ್ರಿಗೂ ಒಂದೇ ಸಹಾಯ ಕೊಡೋಕೆ ಹೋಗ್ಬೇಡಿ.

ಎಷ್ಟು ಜನ, ಎಷ್ಟು ದಿನ?

ಮೂರರಿಂದ ಐದು ಜನ. ಆರಕ್ಕಿಂತ ಮೇಲೆ ಹೋದ್ರೆ ಮೀಟಿಂಗ್ ಹೊಂದ್ಸೋದೇ ಒಂದು ಪ್ರಾಜೆಕ್ಟ್ ಆಗತ್ತೆ. ನಾಲ್ಕರಿಂದ ಆರು ವಾರ ಸಾಕು, ಮೂರು ತಿಂಗಳಿನದ್ದು ಅಂದ್ರೆ ಮಧ್ಯೆ ಯಾರದೋ ಟ್ರಾನ್ಸ್‌ಫರ್, ಯಾರದೋ ರಜೆ, ಕಂಪನಿ ಪ್ರಯಾರಿಟಿನೇ ಬದಲಾಗಿರತ್ತೆ. ದೊಡ್ಡ ಕೆಲಸ ಇದ್ರೆ ಅದರ ಒಂದು ತುಂಡು ತಗೊಳ್ಳಿ.

ಜನಕ್ಕೆ ದಿನದ ಕೆಲಸಕ್ಕೇ ಟೈಮ್ ಇಲ್ಲ, ಇದಕ್ಕೆ ಎಲ್ಲಿಂದ ತರೋದು?

ನೇರವಾಗಿ ಹೇಳ್ಬೇಕು ಅಂದ್ರೆ, ಟೈಮ್ ಕೊಡೋಕೆ ಆಗಲ್ಲ ಅಂದ್ರೆ ಶುರುನೇ ಮಾಡ್ಬೇಡಿ. ಇರೋ ಕೆಲಸದ ಮೇಲೆ ಪ್ರಾಜೆಕ್ಟ್ ಹೇರಿ 'ಇದು ನಿಮ್ಮ ಬೆಳವಣಿಗೆಗೆ' ಅಂದ್ರೆ ಜನ ಅದನ್ನ ರಾತ್ರಿ ಹೊತ್ತು, ವಾರದ ರಜೇಲಿ ಮಾಡ್ತಾರೆ, ಮನೇಲಿ ಮಕ್ಕಳನ್ನೋ ವಯಸ್ಸಾದವರನ್ನೋ ನೋಡ್ಕೊಳ್ಳೋ ಜವಾಬ್ದಾರಿ ಇರೋರು ಹಿಂದೆ ಬೀಳ್ತಾರೆ, ಆಮೇಲೆ ಅವರಿಗೇ 'ಇಂಟರೆಸ್ಟ್ ಇಲ್ಲ' ಅನ್ನೋ ಹೆಸರು ಬರತ್ತೆ. ಇದು ಅನ್ಯಾಯ, ಟ್ರೈನಿಂಗ್ ನಡೆಸೋರು ಇದಕ್ಕೆ ಒಪ್ಕೋಬಾರ್ದು.

ವಾರಕ್ಕೆ ನಾಲ್ಕು ಗಂಟೆ ಅಂತಾದ್ರೂ ಕ್ಯಾಲೆಂಡರಲ್ಲಿ ಬ್ಲಾಕ್ ಆಗಿರ್ಬೇಕು, ಅದಕ್ಕಿಂತ ಮುಖ್ಯ, ಆ ನಾಲ್ಕು ಗಂಟೇಲಿ ಆಗ್ತಿದ್ದ ಕೆಲಸ ಯಾರು ಮಾಡ್ತಾರೆ ಅಥವಾ ಯಾವುದನ್ನ ಬಿಡ್ತೀವಿ ಅಂತ ಮ್ಯಾನೇಜರ್ ಬರೆದು ಕೊಡ್ಬೇಕು. ಬಾಯಿಮಾತಲ್ಲಿ 'ಅಡ್ಜಸ್ಟ್ ಮಾಡ್ಕೊಳ್ಳೋಣ' ಅಂದ್ರೆ ಅಡ್ಜಸ್ಟ್ ಆಗೋದು ಪ್ರಾಜೆಕ್ಟೇ. ಟ್ರೈನಿಂಗಲ್ಲಿ ಕಲಿತಿದ್ದು ಕೆಲಸಕ್ಕೆ ಯಾಕೆ ಇಳಿಯಲ್ಲ ಅಂತ ಬಾಲ್ಡ್‌ವಿನ್ ಮತ್ತು ಫೋರ್ಡ್ ಅನ್ನೋ ಸಂಶೋಧಕರು 1988ರಲ್ಲಿ ಮಾಡಿದ ವಿಮರ್ಶೆ ಇವತ್ತಿಗೂ ಈ ಕ್ಷೇತ್ರದಲ್ಲಿ ಆಧಾರ, ಅವ್ರು ಮೂರು ಕಡೆ ನೋಡಿ ಅಂತಾರೆ: ಕಲಿಯೋ ಮನುಷ್ಯ, ಟ್ರೈನಿಂಗ್ ಕಟ್ಟಿದ ರೀತಿ, ವಾಪಸ್ ಹೋಗೋ ಕೆಲಸದ ವಾತಾವರಣ. ನಾವು ಮೊದಲ ಎರಡರ ಮೇಲೆ ಬೆವರು ಸುರಿಸಿ ಮೂರನೇದ್ರಿಂದ ಕೈ ತೊಳ್ಕೊಂಡ್ಬಿಡ್ತೀವಿ. ಹಾಗಾಗಿ ಮೊದಲ ಮೀಟಿಂಗ್ ಕಲಿಯೋರ ಜೊತೆ ಅಲ್ಲ, ಅವರ ಮ್ಯಾನೇಜರ್ ಜೊತೆ ಆಗ್ಲಿ.

70-20-10 ರೂಲ್ ಇದನ್ನೇ ಹೇಳತ್ತಲ್ವಾ?

ಕಲಿಕೆಯ 70 ಭಾಗ ಕೆಲಸದಿಂದ, 20 ಬೇರೆಯವರಿಂದ, 10 ಕ್ಲಾಸಿಂದ ಅನ್ನೋ ಮಾತು ಪ್ರತಿ ಟ್ರೈನಿಂಗ್ ಪ್ರೆಸೆಂಟೇಷನಲ್ಲೂ ಇರತ್ತೆ. ಅದು ಹುಟ್ಟಿದ್ದು ಅಮೆರಿಕದ ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್‌ನವ್ರು ಯಶಸ್ವಿ ಎಕ್ಸಿಕ್ಯೂಟಿವ್‌ಗಳನ್ನ 'ನೀವು ಹೇಗೆ ಕಲಿತ್ರಿ' ಅಂತ ಕೇಳಿದ ಕೆಲಸದಿಂದ, ಅಂದ್ರೆ ಅವರವರ ನೆನಪಿನ ಮೇಲೆ ನಿಂತಿರೋ ಅಂಕಿ, ಅಳೆದಿದ್ದಲ್ಲ. ದಿಕ್ಕು ಸರಿ ಇದೆ, ಅಂಕಿನ ಕಣ್ಮುಚ್ಚಿ ನಂಬಿ ಕ್ಲಾಸಿನ ಬಜೆಟ್ ಕತ್ತರಿಸೋಕೆ ಬಳಸ್ಬೇಡಿ.

ಗೈಡ್ ಆಗಿರೋರು ಎಷ್ಟು ಹೇಳ್ಕೊಡ್ಬೇಕು, ಎಷ್ಟು ಬಿಡ್ಬೇಕು?

ಗೈಡ್ ಕೆಲಸ ಕ್ಲಾಸ್ ತಗೊಳ್ಳೋದಕ್ಕಿಂತ ಕಷ್ಟ, ಯಾಕಂದ್ರೆ ಉತ್ತರ ನಾಲಿಗೆ ತುದೀಲಿ ಇದ್ರೂ ತಡ್ಕೋಬೇಕು. ಟೀಮ್ ಬಂದು 'ಈ ಡೇಟಾ ಮ್ಯಾಚ್ ಆಗ್ತಿಲ್ಲ, ಏನ್ ಮಾಡೋದು' ಅಂದಾಗ 'ಕೊಡಿ ಇಲ್ಲಿ' ಅಂತ ಲ್ಯಾಪ್‌ಟಾಪ್ ಎಳ್ಕೊಂಡ್ರೆ ಎರಡೇ ನಿಮಿಷದಲ್ಲಿ ಕೆಲಸ ಮುಗಿಯತ್ತೆ, ಕಲಿಕೆನೂ ಅಲ್ಲಿಗೇ ಮುಗಿಯತ್ತೆ. ಬದ್ಲಿಗೆ ಕೇಳಿ: ಎರಡು ಫೈಲೂ ಒಂದೇ ದಿನದ್ದಾ? ಎಷ್ಟು ಸಾಲು ಮ್ಯಾಚ್ ಆಗ್ತಿಲ್ಲ, ಎಲ್ಲಾನಾ ಕೆಲವಾ? ಆ ಕೆಲವುಗಳಲ್ಲಿ ಸಾಮಾನ್ಯವಾಗಿ ಇರೋದೇನು? ಮೂರನೇ ಪ್ರಶ್ನೆ ಹೊತ್ತಿಗೆ ಯಾರಾದ್ರೂ 'ಓ, ಇವೆಲ್ಲಾ ಕ್ಯಾನ್ಸಲ್ ಆದ ಆರ್ಡರ್' ಅಂತಾರೆ.

ಆದ್ರೆ ಇದನ್ನ ಹಠ ಮಾಡ್ಕೋಬೇಡಿ. ಅರ್ಧ ದಿನ ಒಂದೇ ಜಾಗದಲ್ಲಿ ಸಿಕ್ಕಿಹಾಕ್ಕೊಂಡು, ಅದು ನೀವು ಕಲಿಸ್ಬೇಕು ಅಂತಿರೋ ವಿಷಯಕ್ಕೆ ಸಂಬಂಧನೇ ಇಲ್ದ ಪಾಸ್‌ವರ್ಡ್, ಪರ್ಮಿಷನ್ ಥರದ ತೊಂದರೆ ಆಗಿದ್ರೆ ನೀವೇ ಹೋಗಿ ಬಿಡಿಸ್ಕೊಡಿ. ವಾರಕ್ಕೊಂದ್ಸಲ ಅರ್ಧ ಗಂಟೆ ಕಡ್ಡಾಯ ಕೂತ್ಕೊಳ್ಳಿ, ಪ್ರಶ್ನೆ ಇಲ್ಲ ಅಂದ್ರೂ ಕೂತ್ಕೊಳ್ಳಿ, 'ಪ್ರಶ್ನೆ ಏನೂ ಇಲ್ಲ ಸರ್' ಅನ್ನೋ ಟೀಮೇ ಸಾಮಾನ್ಯವಾಗಿ ದಾರಿ ತಪ್ಪಿರತ್ತೆ.

ಒಬ್ರೇ ಎಲ್ಲಾ ಮಾಡಿ ಉಳಿದವ್ರು ಆರಾಮಾಗಿದ್ರೆ?

ಎಲ್ರೂ ಈ ಪ್ರಶ್ನೆ ಕೇಳ್ತಾರೆ, ಆದ್ರೆ ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ, ಅದು ಕಣ್ಣಿಗೆ ಬೀಳಲ್ಲ. ಎಲ್ರೂ ಚೆನ್ನಾಗೇ ದುಡೀತಾರೆ, ಆದ್ರೆ ಬರೆಯೋಕೆ ಬರೋಳು ರಿಪೋರ್ಟ್ ಬರೀತಾಳೆ, ಸ್ಪ್ರೆಡ್‌ಶೀಟ್ ಗೊತ್ತಿರೋನು ಸ್ಪ್ರೆಡ್‌ಶೀಟ್ ಮಾಡ್ತಾನೆ, ಮಾತುಗಾರ ಪ್ರೆಸೆಂಟ್ ಮಾಡ್ತಾನೆ. ಪ್ರಾಜೆಕ್ಟ್ ಸೂಪರಾಗಿ ಮುಗಿಯತ್ತೆ, ಒಬ್ರೂ ಹೊಸದೇನೂ ಕಲಿತಿರಲ್ಲ. ಕೆಲಸದ ದೃಷ್ಟಿಯಿಂದ ಇದೇ ಸರಿಯಾದ ಹಂಚಿಕೆ, ಕಲಿಕೆ ದೃಷ್ಟಿಯಿಂದ ಪೂರ್ತಿ ತಪ್ಪು. ಅದಕ್ಕೆ ಮೊದಲ ದಿನವೇ ಪ್ರತಿಯೊಬ್ರೂ ತನಗೆ ಬರದ ಒಂದು ಕೆಲಸ ಮೈಮೇಲೆ ಹಾಕ್ಕೊಳ್ಳಿ, ಗೊತ್ತಿರೋರು ಪಕ್ಕದಲ್ಲಿ ಕೂತು ಸಹಾಯ ಮಾಡ್ಲಿ ಆದ್ರೆ ಕೀಬೋರ್ಡ್ ಮುಟ್ಟೋದು ಬೇಡ. ನಿಧಾನ ಆಗತ್ತೆ, ಆಗ್ಲಿ ಬಿಡಿ.

ಎಐ ಟೂಲ್ ಬಳಸಿ ಪ್ರಾಜೆಕ್ಟ್ ಮುಗಿಸ್ಬಿಟ್ರೆ?

ದಿನದ ಕೆಲಸದಲ್ಲಿ ಬಳಸೋಕೆ ಪರ್ಮಿಷನ್ ಇದ್ರೆ ಇಲ್ಲೂ ಬಳಸ್ಲಿ, ಬೇಡ ಅಂದ್ರೆ ಕದ್ದು ಬಳಸ್ತಾರೆ. ಕೇಳ್ಬೇಕಾದ್ದು ಬೇರೆ: ಈ ಸಾಲು ಯಾಕೆ ಹೀಗಿದೆ, ಈ ಅಂಕಿ ಎಲ್ಲಿಂದ ಬಂತು, ಇದು ತಪ್ಪಾಗಿದ್ರೆ ನಿಮಗೆ ಹೇಗೆ ಗೊತ್ತಾಗತ್ತೆ ಅಂತ ಎದುರು ಕೂರಿಸಿ ಕೇಳಿ. ತಾನೇ ಯೋಚ್ನೆ ಮಾಡಿದವರಿಗೂ ಕಾಪಿ ಮಾಡಿದವರಿಗೂ ವ್ಯತ್ಯಾಸ ಐದೇ ನಿಮಿಷದಲ್ಲಿ ತಿಳಿಯತ್ತೆ. ಕಂಪನಿ ಡೇಟಾ, ಕಸ್ಟಮರ್ ಹೆಸರು ಹೊರಗಿನ ಟೂಲಿಗೆ ಹಾಕ್ಬಾರ್ದು ಅನ್ನೋದನ್ನ ಮೊದಲ ದಿನವೇ ಹೇಳಿ.

ಪ್ರಾಜೆಕ್ಟ್ ಫೇಲ್ ಆದ್ರೆ? ಅಪ್ರೈಸಲ್‌ಗೆ ಸೇರ್ಸೋದಾ?

ಸೇರಿಸ್ಲೇಬೇಡಿ. ರೇಟಿಂಗ್ ಜೊತೆ ಗಂಟು ಹಾಕಿದ ತಕ್ಷಣ ಜನ ಸೋಲದೇ ಇರೋ ಪ್ರಾಜೆಕ್ಟನ್ನೇ ಆರಿಸ್ತಾರೆ, ಕೆಟ್ಟ ಸುದ್ದಿ ಮುಚ್ಚಿಡ್ತಾರೆ. ಸಂಶೋಧಕಿ ಏಮಿ ಎಡ್ಮಂಡ್ಸನ್ 1999ರಲ್ಲಿ ಒಂದು ಕಂಪನಿಯ ಟೀಮ್‌ಗಳನ್ನ ಸ್ಟಡಿ ಮಾಡಿ ಬರೆದ ಪೇಪರ್ ಹೇಳೋದೂ ಇದನ್ನೇ, ತಪ್ಪು ಒಪ್ಕೊಂಡ್ರೆ, ಗೊತ್ತಿಲ್ಲ ಅಂದ್ರೆ ಮರ್ಯಾದೆ ಹೋಗಲ್ಲ ಅನ್ನೋ ಧೈರ್ಯ ಇರೋ ಟೀಮುಗಳು ಹೆಚ್ಚು ಕಲೀತವೆ ಅಂತ. ಪ್ರಾಜೆಕ್ಟ್ ಅರ್ಧಕ್ಕೆ ನಿಂತ್ರೂ 'ಇದು ಯಾಕೆ ಆಗಲ್ಲ' ಅಂತ ಸಾಕ್ಷಿ ಸಮೇತ ಎರಡು ಪುಟ ಬರೆದು ಕೊಟ್ರೆ ಅದು ಒಳ್ಳೆ ಔಟ್‌ಪುಟ್ಟೇ.

ಕಲಿತಿದಾರೆ ಅಂತ ಅಳೆಯೋದು ಹೇಗೆ?

ಟ್ರೈನಿಂಗ್ ಅಳೆಯೋಕೆ ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ ಅನ್ನೋ ಸಂಶೋಧಕರು 1959ರಲ್ಲಿ ಕೊಟ್ಟ ನಾಲ್ಕು ಹಂತ ಇವತ್ತಿಗೂ ಎಲ್ರೂ ಬಳಸ್ತಾರೆ: ಇಷ್ಟ ಆಯ್ತಾ, ಕಲಿತ್ರಾ, ಕೆಲಸದಲ್ಲಿ ನಡವಳಿಕೆ ಬದಲಾಯ್ತಾ, ಸಂಸ್ಥೆಗೆ ಫಲ ಸಿಕ್ತಾ. ಹೆಚ್ಚಿನ ಕಡೆ ಮೊದಲನೇದಕ್ಕೇ ನಿಲ್ಲತ್ತೆ. ಪ್ರಾಜೆಕ್ಟಲ್ಲಿ ಮೊದಲನೇದಕ್ಕೆ ಬೆಲೆ ಇನ್ನೂ ಕಡಿಮೆ, ಯಾಕಂದ್ರೆ ಕಷ್ಟಪಟ್ಟು ಕಲಿಯೋವಾಗ ಯಾರಿಗೂ ಖುಷಿ ಅನ್ಸಲ್ಲ, ಮೂರನೇ ವಾರದಲ್ಲಿ ಕೇಳಿದ್ರೆ ಬೈತಾರೆ.

ನನ್ನ ಸಲಹೆ ಸರಳ. ಶುರು ಮಾಡೋ ಮೊದಲು ಒಂದು ಚಿಕ್ಕ ಕೆಲಸ ಒಬ್ಬೊಬ್ಬರಾಗಿ ಮಾಡ್ಸಿ ಇಟ್ಕೊಳ್ಳಿ, ಮುಗಿದು ಒಂದೆರಡು ತಿಂಗಳಾದ್ಮೇಲೆ ಅದೇ ಥರದ ಬೇರೆ ಕೆಲಸ ಮತ್ತೆ ಒಬ್ಬೊಬ್ಬರಾಗೇ ಮಾಡ್ಸಿ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಒಬ್ಬೊಬ್ಬರಾಗಿ ಅನ್ನೋದು ಮುಖ್ಯ, ಟೀಮಿನ ಔಟ್‌ಪುಟ್ ನೋಡಿ ಒಬ್ಬನ ಕಲಿಕೆ ಹೇಳೋಕಾಗಲ್ಲ.

ಮುಗಿದ್ಮೇಲೆ ಕೂತು ಚರ್ಚೆ ಮಾಡೋದು ಬೇಕೇ ಬೇಕಾ?

ಬೇಕೇ ಬೇಕು, ಮಧ್ಯದಲ್ಲೂ ಬೇಕು. ಅಮೆರಿಕದ ಸೇನೆ 1970ರ ದಶಕದಿಂದ ಪ್ರತಿ ಅಭ್ಯಾಸ ಆದ್ಮೇಲೆ ನಡೆಸೋ ಚರ್ಚೆಯ ಪ್ರಶ್ನೆಗಳು ಎಲ್ಲಿಗೆ ಬೇಕಾದ್ರೂ ಹೊಂದ್ತವೆ: ಏನಾಗ್ಬೇಕಿತ್ತು, ನಿಜವಾಗಿ ಏನಾಯ್ತು, ಯಾಕೆ ವ್ಯತ್ಯಾಸ ಬಂತು, ಮುಂದಿನ ಸಲ ಏನ್ ಮಾಡ್ತೀವಿ. ಸೀನಿಯರ್ ಕೊನೇಲಿ ಮಾತಾಡ್ಲಿ, ಮೊದ್ಲೇ ಮಾತಾಡಿದ್ರೆ ಉಳಿದವ್ರು ಹೂಂ ಅಂತಾರೆ ಅಷ್ಟೇ.

ರಿಮೋಟ್ ಟೀಮಿಗೆ ಆಗತ್ತಾ?

ಆಗತ್ತೆ. ಎಲ್ರೂ ಕಾಣೋ ಒಂದೇ ಡಾಕ್ಯುಮೆಂಟಲ್ಲಿ ದಿನಾ ಎರಡು ಸಾಲು ಬರೀಲಿ, ವಾರಕ್ಕೆ ಒಂದು ಕಾಲಲ್ಲಿ ಸ್ಕ್ರೀನ್ ಹಂಚ್ಕೊಂಡು ಒಟ್ಟಿಗೆ ಕೆಲಸ ಮಾಡ್ಲಿ, ಬರೀ ಸ್ಟೇಟಸ್ ಹೇಳೋ ಕಾಲ್ ಬೇಡ.

ಎಲ್ಲಿ ಇದನ್ನ ಬಳಸ್ಲೇಬಾರ್ದು?

ತಪ್ಪಾದ್ರೆ ಪ್ರಾಣಕ್ಕೆ ಕುತ್ತು ಬರೋ ಕಡೆ. ಮೆಷಿನ್ ರಿಪೇರಿಗೆ ಮುಂಚೆ ಕರೆಂಟ್ ಕಟ್ ಮಾಡಿ ಲಾಕ್ ಹಾಕಿ ಟ್ಯಾಗ್ ಹಾಕೋ ವಿಧಾನ, ಔಷಧಿ ಡೋಸ್ ಚೆಕ್ ಮಾಡೋದು, ಬೆಂಕಿ ಬಿದ್ದಾಗ ಏನ್ ಮಾಡ್ಬೇಕು ಅನ್ನೋದು, ಇವುಗಳಲ್ಲಿ ಪ್ರಯೋಗ ಮಾಡಿ ಕಂಡುಹಿಡಿಯೋ ಮಾತೇ ಇಲ್ಲ, ತೋರ್ಸಿ, ಮಾಡ್ಸಿ, ತಪ್ಪಿಲ್ದೆ ಬರೋ ತನಕ ಮತ್ತೆ ಮಾಡ್ಸಿ. ಆ ವಿಷಯಗಳಲ್ಲೂ ಪ್ರಾಜೆಕ್ಟ್ ಬೇಕು ಅಂದ್ರೆ ಸುತ್ತಮುತ್ತ ಇಡಿ, ಉದಾಹರಣೆಗೆ ಲಾಕ್ ಹಾಕೋ ಚೆಕ್‌ಲಿಸ್ಟ್ ಯಾಕೆ ಜನ ಪೂರ್ತಿ ತುಂಬಲ್ಲ ಅಂತ ಹುಡುಕೋದು. ಹಾಗೇ, ಹತ್ತು ನಿಮಿಷದಲ್ಲಿ ಹೇಳಿ ಮುಗಿಸ್ಬೋದಾದ ನಿಯಮಕ್ಕೆ ಪ್ರಾಜೆಕ್ಟ್ ಮಾಡ್ಸೋದು ಜನರ ಟೈಮ್ ಹಾಳು.

ಪ್ರಾಜೆಕ್ಟ್ ಮುಗಿದ್ಮೇಲೆ ಆ ಕೆಲಸ ಯಾರ್ದು?

ಶೀಟಲ್ಲಿ ಹೆಸರು ಬರೆದಿದ್ವಲ್ಲ, ಅವರದ್ದು. ದೊಡ್ಡ ಸ್ಟೇಜ್ ಪ್ರೆಸೆಂಟೇಷನ್‌ಗಿಂತ ಅವರ ಜೊತೆ ಒಂದು ಗಂಟೆ ಹ್ಯಾಂಡೋವರ್ ಮೀಟಿಂಗ್ ಮಾಡಿ, ಅಲ್ಲಿ ಅವ್ರು ತಿರುಗಿಸಿ ಮುರುಗಿಸಿ ಕೇಳ್ಲಿ, 'ಇದು ನಡೆಯಲ್ಲ' ಅಂತನೂ ಹೇಳ್ಲಿ. ಬಳಸೋದಾದ್ರೆ ಯಾವತ್ತಿಂದ, ಬದಲಾವಣೆ ಬೇಕಾದ್ರೆ ಯಾರನ್ನ ಕೇಳ್ಬೇಕು ಅಂತ ಅಲ್ಲೇ ಬರ್ಕೊಳ್ಳಿ. ಬಳಸಲ್ಲ ಅಂತ ತೀರ್ಮಾನ ಆದ್ರೆ ಕಾರಣ ಏನು ಅಂತ ಟೀಮಿಗೆ ಮುಖಾಮುಖಿ ಹೇಳಿ, ಇಮೇಲ್ ಹಾಕಿ ಸುಮ್ಮನಾಗ್ಬೇಡಿ, ಆರು ವಾರ ದುಡಿದವರಿಗೆ ಅಷ್ಟು ಕೇಳೋ ಹಕ್ಕಿದೆ.